ಹದಿನೇಳರವರೆಗೆ

ಬೆಳಗಿನ ಆರೂ ಹತ್ತರ ಲೋಕಲ್ಲು,
ಡೋಂಬಿವಲಿಯಿಂದ ಪರೇಲಿನ ತನಕ
ಹೆಂಗಸರ ಡಬ್ಬಿಯಲ್ಲಿ ನಾವು ಒಂಬತ್ತೇ ಜನ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಿಟಕಿ ಪಕ್ಕದ ಸೀಟು.
ಸಿಕ್ಕಿದ್ದೇ ತಡ, ಬ್ಯಾಗು ತಲೆಗಿಟ್ಟು ಮಲಗಿಬಿಟ್ಟೆ.

ಕಿಟ್ಟು ತೊಡಲು ಇಪ್ಪತ್ತು ನಿಮಿಷ.
ಆಮೇಲೆ ಆರು ತಾಸು ನೀರಿಲ್ಲ,
ಒಂದಕ್ಕೆ ಹೋಗಿ ಬರುವ ಹಾಗಿಲ್ಲ.
ಸುವರ್ಣಾ ಕಾಂಬಳೆಗೆ ಮುಟ್ಟಿನ ಎರಡನೇ ದಿನ.
ವಾರ್ಡಿಗೆ ಡಯಾಪರಿನ ದೊಡ್ಡ ಪೆಟ್ಟಿಗೆಗಳು ಬಂದಿದ್ದವು,
ಎಲ್ಲ ಕೂಸುಗಳ ಅಳತೆಯವು.
ನಮ್ಮವನ್ನು ನಾವೇ ಪಟ್ಟಿ ಹಾಕಿ ಕೊಂಡೆವು.
ಸೋಮವಾರದ ಮಾಸ್ಕು ಖಾಕಿ ಲಕೋಟೆಯಲ್ಲಿ
ಮುಂದಿನ ಸೋಮವಾರಕ್ಕೆ ಕಾಯುತ್ತದೆ.

ನರ ಹುಡುಕುವುದರಲ್ಲಿ ನನ್ನ ಬೆರಳಿಗೆ ಹೆಸರಿತ್ತು.
ಈಗ ಎರಡು ಜೊತೆ ಗವಸು, ಕನ್ನಡಕದೊಳಗೆ ಹಬೆ.
ಅಂದಾಜಿನ ಮೇಲೆ ಚುಚ್ಚುತ್ತೇನೆ.
ತಪ್ಪಿದರೆ ನಾಲ್ಕನೇ ಮಂಚದ ಹನ್ನೊಂದು ತಿಂಗಳ ಕೂಸು
ಬಾಯಗಲಿಸಿ ಅಳುತ್ತದೆ,
ಗಂಟಲಲ್ಲಿ ನಳಿಗೆ, ಸದ್ದು ಬರುವುದಿಲ್ಲ.

ವೆಂಟಿಲೇಟರಿನ ಮಗುವಿಗೆ ಒಬ್ಬಳು ನರ್ಸು,
ಅದು ಗೋಡೆಗೆ ಅಂಟಿಸಿದ ನಿಯಮ.
ಆರು ಮಂದಿಯನ್ನು ದೊಡ್ಡವರ ವಾರ್ಡಿಗೆ ಕಳಿಸಿದರು.
ಜೆಸಿಮೋಳು ಕೆಮ್ಮುತ್ತ ಕೆಮ್ಮುತ್ತ ತಾನೇ ಹಾಸಿಗೆ ಹಿಡಿದಳು.
ನನ್ನ ಪಾಲಿಗೆ ಮೂರು, ನಾಲ್ಕು, ಐದು.

ಊಟದ ಹೊತ್ತಿನಲ್ಲಿ ನಾಲ್ವರು ಕೂಡಿ ಅರ್ಜಿ ಬರೆದೆವು.
ಮೇಟ್ರನ್ ಓದಿದರು. ಅವರ ಮೂಗಿನ ಮೇಲೂ ನಮ್ಮದೇ ಗಾಯ.
ಸಹಿ ಹಾಕಿ ಮೇಲಕ್ಕೆ ಕಳಿಸಿದರು.
ಮೇಲಿನಿಂದ ಬಂದದ್ದು ಗುಲಾಬಿ ಅಚ್ಚಾದ ಪ್ರಶಂಸಾಪತ್ರ,
ತಲೆಗೊಂದು.
ಗಂಗವ್ವ ಎಂಬ ನನ್ನ ಹೆಸರು ಅದರಲ್ಲಿ ಗಂಗಾಧರ.
ಹನ್ನೊಂದು ತಿಂಗಳ ಕರಾರಿನವಳು, ಯಾರಿಗೆ ತಿದ್ದಲು ಹೇಳಲಿ?

ಮೂರರಲ್ಲಿ ಗೋವಂಡಿಯ ಮಿಸ್ಬಾ. ಆರು ವರ್ಷ.
ಮೂಗಿಗೆ ಆಕ್ಸಿಜನ್ನು ಜೋರಾಗಿ ನುಗ್ಗುತ್ತದೆ.
ಒಂಬತ್ತು ದಿನದಿಂದ ತುಟಿ ಬಿಚ್ಚಿಲ್ಲ.
ಬಿಳಿ ಬೊಂಬೆಗಳ ನಡುವೆ
ಯಾರ ಹತ್ತಿರ ಏನು ಮಾತಾಡುವುದು!

ಯಂತ್ರ ಹೇಳಿದರೂ ಉಸಿರು ನೀನೇ ಎಣಿಸು,
ಎದೆ ನೋಡುತ್ತ, ಪೂರ್ತಿ ಒಂದು ನಿಮಿಷ.
ಇದು ಪಿಂಟೋ ಸಿಸ್ಟರ್ ಕಲಿಸಿದ ಪಾಠ.
ಮರಾಠಿಯಲ್ಲಿ ಜಗಳಾಡುತ್ತೇನೆ, ಹಿಂದಿಯಲ್ಲಿ ರಮಿಸುತ್ತೇನೆ,
ಎಣಿಕೆ ಮಾತ್ರ ಕನ್ನಡದಲ್ಲಾದರೆ ತಪ್ಪುವುದಿಲ್ಲ.
ವರಳಿಯ ಮುನ್ಸಿಪಾಲ್ಟಿ ಶಾಲೆಯಲ್ಲಿ
ಹಾಸುಗಲ್ಲಿನ ಮೇಲೆ ಕೂತು ಮಗ್ಗಿ ಒದರಿದ ಗಂಟಲು ಇದು.
(ಆ ಕೋಣೆಯಲ್ಲೀಗ ಶಂಕಿತರ ಮಂಚಗಳು.
ಕರಿಹಲಗೆಯ ಮೇಲೆ ಮಾತ್ರೆಯ ಹೊತ್ತು ಬರೆದಿದ್ದಾರಂತೆ.)

ಹದಿನೈದು, ಹದಿನಾರು, ಹದಿನೇಳು,
ಅಷ್ಟರಲ್ಲಿ ನಾಲ್ಕು ಕೂಗುತ್ತದೆ.
ಓಡುತ್ತೇನೆ. ಕಫ ಎಳೆಯುತ್ತೇನೆ. ನಳಿಗೆ ಸರಿಪಡಿಸುತ್ತೇನೆ.
ಮರಳಿ ಬಂದು ಮತ್ತೆ ಒಂದರಿಂದ.
ಹದಿನೇಳು. ನಾಲ್ಕು ಕೂಗುತ್ತದೆ.

ಅದು ಕೂಗು ನಿಲ್ಲಿಸಿದ್ದು ಗುರುವಾರ ಇರುಳು ಎರಡೂವರೆಗೆ.
ಕೂಸಿನ ತಾಯಿ ಬಾಂದ್ರಾದ ಕೇಂದ್ರದಲ್ಲಿ, ಫೋನಿನೊಳಗೆ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನನ್ನು
ಮಂಚದ ಮೇಲೆ ನಾನೇ ಹಿಡಿದಿದ್ದೆ.
ಕೈ ನಡುಗಬಾರದು. ನಡುಗಿದರೆ ಮುಖ ಅಲುಗುತ್ತದೆ.
ಇನ್ನೊಂದು ಸ್ವಲ್ಪ ಹತ್ತಿರ ಹಿಡಿ ತಾಯಿ, ಅಂದಳು.
ಹಿಡಿದೆ.

ಮರುದಿನ ಮೂರರ ಮುಂದೆ ನಿಂತೆ,
ಎದೆಯ ಮೇಲೆ ಕಣ್ಣಿಟ್ಟೆ, ಎಣಿಕೆ ಬಾಯಿಗೆ ಬರಲಿಲ್ಲ.
ಆಗ ಒಂದು ಒಡಕು ದನಿ:
ಒಂದು. ಎರ್ಡು. ಮೂರು.
ಯಾವ ಭಾಷೆಯೆಂದು ಗೊತ್ತಿಲ್ಲ ಅವಳಿಗೆ,
ಅವು ಅಂಕಿಗಳೆಂದಾದರೂ ಗೊತ್ತೋ ಇಲ್ಲವೋ.
ಹನ್ನೆರಡಕ್ಕೆ ತೊದಲಿದಳು, ದಾಟಿದಳು.
ಹದಿನೈದು, ಹದಿನಾರು, ಹದಿನೇಳು,
ನಿಲ್ಲಿಸಿ, ನಾಲ್ಕರ ಕಡೆಗೆ ಕತ್ತು ಹೊರಳಿಸಿ
ನಾನು ಓಡಲೆಂದು ಕಾದಳು.

ಅಲ್ಲಿ ಪಾರೂಬಾಯಿ ರೆಕ್ಸಿನ್ ಹಾಸು ಒರೆಸುತ್ತಿದ್ದಳು.

ಹದಿನೆಂಟು, ಅಂದೆ.
ಅವಳು ಕೇಳದ ಪದ ಅದು.
ನನ್ನನ್ನೊಮ್ಮೆ ನೋಡಿ
ಮತ್ತೆ ಒಂದರಿಂದ ಶುರುಮಾಡಿದಳು.